ಕಾಫಿ ಬೀಜಕ್ಕೆ ಮೂರು ದಿನ ಜ್ವರ

ರಾಮನಗರ, ಹೊರಡುವ ಹಿಂದಿನ ದಿನ

ನಮ್ಮ ಮನೆಯಲ್ಲಿ ಕಾಫಿ ಬೀಜಕ್ಕೆ ಜ್ವರ ಬರುತ್ತದೆ. ನಗಬೇಡಿ, ನಿಜವಾಗಿಯೂ ಹಾಗೇ ಹೇಳುತ್ತೇವೆ. ಹುರಿದ ದಿನದಿಂದ ಮೂರು ದಿನ ಅದಕ್ಕೆ ಜ್ವರ, ನಾಲ್ಕನೇ ದಿನ ಜ್ವರ ಬಿಡುತ್ತದೆ, ಆಮೇಲೆಯೇ ಪುಡಿ ಮಾಡುವುದು. ಈ ಕಾನೂನು ನಮ್ಮತ್ತೆಯದು. ಅವರ ತವರು ಕನಕಪುರದ ಕಡೆ ದೊಡ್ಡಆಲಹಳ್ಳಿ. ಹುಟ್ಟಿದಾಗಿನಿಂದ ರೇಷ್ಮೆ ಹುಳದ ಜೊತೆಗೇ ಬೆಳೆದವರು, ಹಾಗಾಗಿ ಅವರಿಗೆ ಲೋಕದಲ್ಲಿರುವುದೆಲ್ಲ ಹುಳದ ಭಾಷೆಯಲ್ಲೇ ಅರ್ಥವಾಗುವುದು.

ಹುಳ ಸಾಕದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ರೇಷ್ಮೆ ಹುಳ ಬೆಳೆಯುತ್ತಾ ನಾಲ್ಕು ಸಲ ಹಳೆಯ ಚರ್ಮ ಕಳಚುತ್ತದೆ. ಕಳಚುವ ಮುಂಚೆ ಒಂದು ಹಗಲು ಒಂದು ರಾತ್ರಿ ತಿನ್ನದೆ, ಕದಲದೆ, ತಲೆ ಎತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಅದು ಕಾಯಿಲೆಯಲ್ಲ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಅಲುಗಿಸಬಾರದು. ಹೊಸ ಚರ್ಮದಲ್ಲಿ ಎದ್ದ ಮೇಲೆ ಹೊಟ್ಟೆಬಾಕತನ ನೋಡಬೇಕು ಅದರದ್ದು.

ಈಗ ತಾನೇ ಹುರಿದ ಕಾಫಿ ಬೀಜವನ್ನು ಆಗಲೇ ಪುಡಿ ಮಾಡಿ ಫಿಲ್ಟರಿಗೆ ಹಾಕಿದರೆ, ಬಿಸಿನೀರು ಬಿದ್ದ ಕೂಡಲೇ ಪುಡಿ ಬುಸ್ಸೆಂದು ಉಬ್ಬಿ ಮೇಲೇಳುತ್ತದೆ. ಡಿಕಾಕ್ಷನ್ ಇಳಿಯುವುದೇ ಇಲ್ಲ. ಇಳಿದರೂ ಬರೀ ಹೊಗೆಯ ಒಗರು. ಬೀಜದ ಒಳಗೆ ಸೇರಿಕೊಂಡ ಗಾಳಿ ಹೊರಗೆ ಹೋಗಲು ಎರಡು ಮೂರು ದಿನ ಬೇಕು ಎಂದು ರೇಷ್ಮೆ ಇಲಾಖೆಯ ಕೆಲಸಕ್ಕೆ ಸೇರಿದ ಮೇಲೆ ನನಗೆ ಯಾರೋ ವಿವರಿಸಿದರು. ಅತ್ತೆಗೆ ಆ ವಿವರಣೆ ಬೇಕಿರಲಿಲ್ಲ, ಜ್ವರ ಎಂಬ ಒಂದು ಮಾತು ಸಾಕಾಗಿತ್ತು.

ನನಗೆ ಇಥಿಯೋಪಿಯಾಕ್ಕೆ ಹೋಗಿ ಅಲ್ಲಿನ ಹೆಂಗಸರಿಗೆ ಒಂದು ಬೆಳೆ ಹುಳ ಸಾಕಿ ತೋರಿಸಿ ಬರಬೇಕೆಂದು ಆದೇಶ ಬಂತು. ಒಂದು ಬೆಳೆ ಎಂದರೆ ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವವರೆಗೆ ಒಂದು ತಿಂಗಳು. ಕಾಗದಪತ್ರ ಕೈಗೆ ಬಂದಿದ್ದೇ ಹೊರಡುವ ಹಿಂದಿನ ದಿನ. ಒಂದು ತಿಂಗಳು ನಮ್ಮ ಕಾಫಿ ಇಲ್ಲದೆ ಇರುವುದು ಹೇಗೆ ಎಂದು ಗಾಬರಿಯಾಗಿ ಅವತ್ತು ಬೆಳಗ್ಗೆಯೇ ಒಂದು ಸೇರು ಬೀಜ ಹುರಿದೆ. ಮಧ್ಯಾಹ್ನ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಕವರಿಗೆ ತುಂಬಿಸಿ ಬಾಯಿ ಸುಟ್ಟು ಮುಚ್ಚಿಸಿಕೊಂಡು ಬಂದೆ. ಅತ್ತೆ ಕವರನ್ನು ತಿರುಗಿಸಿ ನೋಡಿ, "ಇನ್ನೂ ಜ್ವರ ಐತೆ ಕಣವ್ವಾ ಅದಕ್ಕೆ. ಉಸುರು ಕಟ್ಟಿ ಮಡಗ್ಬ್ಯಾಡ" ಎಂದರು. ಇವರದ್ದು ಯಾವಾಗಲೂ ಇದೇ ಆಯಿತು ಎಂದುಕೊಂಡು ಕವರನ್ನು ಸೀರೆಗಳ ನಡುವೆ ತುರುಕಿದೆ. ಮಾರನೆಯ ದಿನ ಕೆಂಗಲ್ ಆಂಜನೇಯನಿಗೆ ಕಾಯಿ ಒಡೆಸಿ ಪ್ರಸಾದ ತಂದುಕೊಟ್ಟವರೂ ಅವರೇ.

ಅಡಿಸ್ ಅಬಾಬಾ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಸೀರೆಗಳ ಮಧ್ಯೆ ಕವರು ಫುಟ್‌ಬಾಲಿನಂತೆ ಊದಿಕೊಂಡು ಕೂತಿತ್ತು. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. ನಾನು ಬೇಡ ಅನ್ನುವಷ್ಟರಲ್ಲಿ ಅದು ಟಪ್ಪೆಂದು ಒಡೆದು, ಬೀಜಗಳು ಮೇಜಿನಿಂದ ನೆಲಕ್ಕೆ, ನೆಲದಿಂದ ಹಿಂದೆ ನಿಂತವರ ಕಾಲ ಬುಡಕ್ಕೆ ಉರುಳಿಹೋದವು. ನನ್ನ ರೇಷ್ಮೆ ಸೀರೆಯ ಮಡಿಕೆಯಲ್ಲೂ ಬೀಜ.

ಅವನು ಒಂದು ಬೀಜ ಎತ್ತಿ ಮೂಸಿದ. ಆಮೇಲೆ ನನ್ನ ಮುಖ ನೋಡಿ, ನೀವು ಇಥಿಯೋಪಿಯಾಕ್ಕೆ ಕಾಫಿ ತಂದಿದ್ದೀರಾ ಎಂದು ಕೇಳಿದ. ಪಕ್ಕದವನಿಗೂ ಹೇಳಿದ, ಸಾಲಿನಲ್ಲಿದ್ದವರಿಗೂ ಹೇಳಿದ. ಕಾಫಿ ಹುಟ್ಟಿದ್ದೇ ನಮ್ಮಲ್ಲಿ ಎಂದು ಹೆಮ್ಮೆ ಪಡುವ ದೇಶಕ್ಕೆ ಕಾಫಿ ಹೊತ್ತು ತಂದ ಹೆಂಗಸನ್ನು ನೋಡಲು ಮೂರು ಕೌಂಟರಿನಿಂದ ಜನ ಬಂದರು. ತಿರುಪತಿಗೆ ಲಡ್ಡು ಕಟ್ಟಿಸಿಕೊಂಡು ಹೋದ ಹಾಗಾಯಿತು ನನ್ನ ಕಥೆ. ಆದರೂ ಎಲ್ಲರೂ ಬಗ್ಗಿ ಬೀಜ ಆಯ್ದುಕೊಟ್ಟರು. ಹೆಸರು ಬರೆದುಕೊಂಡವನೊಬ್ಬ ಎರಡು ಬೀಜ ಜೇಬಿಗೂ ಹಾಕಿಕೊಂಡ.

ಹೊರಗೆ ನನಗಾಗಿ ಕಾಯುತ್ತಿದ್ದವನು ತಸ್ಫಾಯೆ. ಜೀಪು ಓಡಿಸುವುದೂ ಅವನೇ, ನನ್ನ ಮಾತನ್ನು ಅಲ್ಲಿನ ಹೆಂಗಸರಿಗೆ ಅವರ ಭಾಷೆಯಲ್ಲಿ ತಿಳಿಸುವುದೂ ಅವನೇ. ಐವತ್ತು ದಾಟಿದ ಮನುಷ್ಯ. ಅವನಿಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದು ಇಂಡಿಯಾದ ಮೇಷ್ಟರಂತೆ. ಆ ಕಾಲದಲ್ಲಿ ನಮ್ಮ ದೇಶದಿಂದ ಹೋದ ಮೇಷ್ಟರುಗಳು ಅಲ್ಲಿ ಊರೂರಲ್ಲೂ ಇದ್ದರಂತೆ. ಹಾಗಾಗಿ ಸೀರೆ ಉಟ್ಟವರೆಲ್ಲ ಅವನಿಗೆ ಟೀಚರ್. ಅಮ್ಮನನ್ನು ಮಾತಾಡಿಸುವಷ್ಟೇ ಮರ್ಯಾದೆಯಿಂದ ನನ್ನನ್ನು ಟೀಚರ್ ಎಂದು ಕರೆದ, ಕೊನೆಯವರೆಗೂ ಕರೆದ.

ಅರ್ಬಾ ಮಿಂಚಿನ ದಾರಿ

ನಾವು ಹೋಗಬೇಕಾದ ಊರಿನ ಹೆಸರು ಅರ್ಬಾ ಮಿಂಚ್. ನಾನು ಮಿಂಚು ಗುಡುಗಿನ ಊರಿರಬೇಕು ಎಂದುಕೊಂಡಿದ್ದೆ. ನಲವತ್ತು ಚಿಲುಮೆ ಎಂದು ಅರ್ಥವಂತೆ. ದಕ್ಷಿಣಕ್ಕೆ ಇಡೀ ದಿನದ ದಾರಿ. ಬೆಟ್ಟಗಳು ಕಂಡಾಗೆಲ್ಲ ನಾನು ಬಂಡೆ ಹುಡುಕುತ್ತಿದ್ದೆ. ರಾಮನಗರದವರಿಗೆ ಬಂಡೆಯಿಲ್ಲದ ಬೆಟ್ಟ ಬೆಟ್ಟ ಅನ್ನಿಸುವುದಿಲ್ಲ, ಏನು ಮಾಡೋಣ.

ದಾರಿಯಲ್ಲಿ ಊಟಕ್ಕೆ ನಿಂತೆವು. ಅವರ ಇಂಜೆರಾ ಎಂಬುದು ಹುಳಿ ಜಾಸ್ತಿಯಾದ ಹಿಟ್ಟಿನ ದೊಡ್ಡ ದೋಸೆ. ಅದನ್ನು ಮಾಡುವ ಧಾನ್ಯ ರಾಗಿಗಿಂತಲೂ ಸಣ್ಣದು. ಒಂದೇ ತಟ್ಟೆಗೆ ಎಲ್ಲರೂ ಕೈ ಹಾಕಿ ತಿನ್ನಬೇಕು. ಎಂಜಲು ಎಂಬ ಮಾತನ್ನು ಅಡಿಸ್ ಅಬಾಬಾದಲ್ಲೇ ಬಿಟ್ಟು ಬಂದೆ ಎಂದು ಧೈರ್ಯ ಮಾಡಿ ಕೈ ಹಾಕಿದೆ. ಅಷ್ಟರಲ್ಲಿ ಹೋಟೆಲಿನ ಯಜಮಾನಿ ತಾನೇ ಒಂದು ತುತ್ತು ಸುತ್ತಿ ನೇರ ನನ್ನ ಬಾಯಿಗೇ ತಂದಳು. ನಾನು ಹೆದರಿ ಹಿಂದಕ್ಕೆ ಸರಿದೆ. ತುತ್ತು ಸೆರಗಿನ ಮೇಲೆ ಬಿತ್ತು. ಅದು ಅವರಲ್ಲಿ ಪ್ರೀತಿ ತೋರಿಸುವ ರೀತಿ ಎಂದು ತಸ್ಫಾಯೆ ಆಮೇಲೆ ಹೇಳಿದ. ನಮ್ಮಲ್ಲೂ ಕೈತುತ್ತು ಇದೆಯಲ್ಲ, ಗುರುತೇ ಸಿಗಲಿಲ್ಲವಲ್ಲ ನನಗೆ ಎಂದು ಬೇಸರವಾಯಿತು. ಮತ್ತೆ ಬಾಯಿ ತೆರೆದು ತೋರಿಸಿದೆ. ಅವಳು ಮೊದಲಿಗಿಂತ ದೊಡ್ಡ ತುತ್ತು ಇಟ್ಟಳು.

ಅರ್ಬಾ ಮಿಂಚ್, ಮೂರನೇ ದಿನ

ನಾವು ಮುಟ್ಟಿದ ದಿನವೇ ಮೊಟ್ಟೆ ಒಡೆದಿದ್ದವು. ಕಲಿಯಲು ಬಂದ ಹೆಂಗಸರು ಆರು ಜನ, ಎಲ್ಲರೂ ಒಂದೇ ಕೇರಿಯವರು. ಅವರಲ್ಲಿ ಮುಂದಾಳು ಅಲ್ಮಾಜ್. ಮೂವತ್ತೈದರ ಆಸುಪಾಸು, ಮಾತು ಕಮ್ಮಿ, ಕೈ ಚುರುಕು. ಸೊಪ್ಪನ್ನು ಎಳೆ ಹುಳಕ್ಕೆ ಎಷ್ಟು ಸಣ್ಣಗೆ ಹೆಚ್ಚಬೇಕೆಂದು ಒಂದೇ ಸಲ ತೋರಿಸಿದೆ, ಅವಳದ್ದು ನನಗಿಂತ ಚೆನ್ನಾಗಿ ಬಂತು. ಹಿಪ್ಪುನೇರಳೆ ತೋಟ ಒಂದು ಮೈಲಿ ಏರಿನಲ್ಲಿತ್ತು. ಅಲ್ಲಿಂದ ಸೊಪ್ಪು ಹೊತ್ತು ತರುವವರೂ ಅವರೇ. ಬೆಳೆ ಚೆನ್ನಾಗಿ ಬಂದರೆ ಆ ಆರೂ ಜನಕ್ಕೆ ಅಲ್ಲೇ ಕಾಯಂ ಕೆಲಸ ಎಂದು ಮಾತಾಗಿತ್ತು.

ಮೂರನೇ ದಿನ ಸಂಜೆ ಅಲ್ಮಾಜ್ ನನ್ನನ್ನು ಮನೆಗೆ ಕಾಫಿಗೆ ಕರೆದಳು. ನೆಲಕ್ಕೆ ಹಸಿ ಹುಲ್ಲು ಹಾಸಿದ್ದಳು, ಸಾಂಬ್ರಾಣಿ ಹಾಕಿದ್ದಳು, ಜೋಳದ ಅರಳು ಇಟ್ಟಿದ್ದಳು. ನಮ್ಮಲ್ಲಿ ಒಂದು ಅರಿಶಿನ ಕುಂಕುಮಕ್ಕೆ ಕರೆದ ಹಾಗಿತ್ತು. ಆರೂ ಜನ ಹೆಂಗಸರು, ಕೇರಿಯ ಇನ್ನೂ ನಾಲ್ಕು ಜನ. ಹಸಿ ಬೀಜ ತೊಳೆದು ನಮ್ಮೆದುರಿಗೇ ಕೆಂಡದ ಮೇಲೆ ಹುರಿದಳು. ಹೊಗೆಯಾಡುವ ಬಾಣಲೆಯನ್ನು ಪ್ರತಿಯೊಬ್ಬರ ಮುಂದೆ ಹಿಡಿದಳು, ಎಲ್ಲರೂ ಮಂಗಳಾರತಿ ತೆಗೆದುಕೊಂಡ ಹಾಗೆ ಹೊಗೆಯನ್ನು ಕೈಯಿಂದ ಮುಖಕ್ಕೆ ತಂದುಕೊಂಡರು. ನನಗೆ ಕಣ್ಣಲ್ಲಿ ನೀರೇ ಬಂತು, ಅರ್ಧ ಹೊಗೆಗೆ ಅರ್ಧ ಸಂತೋಷಕ್ಕೆ.

ಹೊಗೆ ಆರುವ ಮುಂಚೆಯೇ ಅವಳು ಬೀಜವನ್ನು ಒರಳಿಗೆ ಸುರಿದು ಒನಕೆ ಎತ್ತಿದಳು. ನನ್ನ ಕೈ ತಾನಾಗಿ ಹೋಗಿ ಒನಕೆ ಹಿಡಿಯಿತು. "ಬ್ಯಾಡ ಬ್ಯಾಡ, ಇನ್ನೂ ಜ್ವರ ಐತೆ ಅದಕ್ಕೆ" ಎಂದೆ. ಬಾಯಲ್ಲಿ ಬಂದಿದ್ದು ಅತ್ತೆಯ ಮಾತು, ಅತ್ತೆಯದ್ದೇ ಧಾಟಿ. ತಸ್ಫಾಯೆ ಏನು ಎಂದು ಕೇಳಿದ. ನಾನು ಬುದ್ಧಿವಂತಳ ಹಾಗೆ ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ: ಈ ಕಾಫಿಗೆ ಜ್ವರ, ಮೂರು ದಿನದ ಜ್ವರ, ಈಗ ಕುಡಿಯಬಾರದು. ಅವನು ಒಂದು ಕ್ಷಣ ತಡೆದ. ಆಮೇಲೆ, ಟೀಚರ್ ಹೇಳಿದ ಮೇಲೆ ಹೇಳಲೇಬೇಕಲ್ಲ, ಹಾಗೇ ಅವರ ಭಾಷೆಯಲ್ಲಿ ಹೇಳಿದ.

ಅಲ್ಮಾಜ್ ನನ್ನ ಕೈಯನ್ನು ಒನಕೆಯಿಂದ ಮೆಲ್ಲಗೆ ಬಿಡಿಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ನನಗೇ ಮೊದಲು ಕೊಟ್ಟಳು. ಮುಖ ಎತ್ತಲಿಲ್ಲ. ಏನೋ ತಪ್ಪಾಯಿತು ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಗಟಗಟ ಕುಡಿದು, ಕೈ ಮುಗಿದು, ಎದ್ದು ಬಂದುಬಿಟ್ಟೆ.

ಒಂದನೇ ಜ್ವರ

ಮಾರನೆಯ ದಿನ ಒಬ್ಬರೂ ಬರಲಿಲ್ಲ. ಹುಳದ ಮನೆ ಬಾಗಿಲಲ್ಲಿ ಒಂಬತ್ತು ಗಂಟೆಯವರೆಗೆ ನಿಂತೆ. ತಸ್ಫಾಯೆ ಕೇರಿಗೆ ಹೋಗಿ ವಿಚಾರಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂತ. ಹೇಳಲೋ ಬೇಡವೋ ಎಂದು ಟೋಪಿ ತಿರುಗಿಸುತ್ತಿದ್ದು, ಕೊನೆಗೆ ಹೇಳಿದ.

ಅಲ್ಮಾಜಳ ಗಂಡ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಆ ಊರಿನಲ್ಲಿ ಸೊಳ್ಳೆ ಜ್ವರ ಜಾಸ್ತಿ. ಮಲಗಿದವನು ಮೂರನೇ ದಿನಕ್ಕೆ ಹೋದ. ಆಮೇಲೆ ಆ ಮನೆಯಲ್ಲಿ ಹತ್ತು ಜನರನ್ನು ಕರೆದು ಕಾಫಿ ಮಾಡಿದ್ದು ಅದೇ ಮೊದಲ ಸಲ, ಅದೂ ನಾನು ಬಂದೆನೆಂದು. ನಾನು ಆ ಒರಳಿನ ಮುಂದೆ ಕೂತು, ನಿನ್ನ ಮನೆಯ ಕಾಫಿಗೆ ಮೂರು ದಿನದ ಜ್ವರ ಎಂದಿದ್ದೆ. ಅದು ಸಾಲದೆಂದು ಮೊದಲ ಬಟ್ಟಲಿಗೇ ಎದ್ದು ಬಂದಿದ್ದೆ. ಒಂದೇ ಪುಡಿಗೆ ಮೂರು ಸಲ ನೀರು ಹಾಕಿ ಮೂರು ಬಟ್ಟಲು ಕುಡಿಸುವುದು ಅಲ್ಲಿನ ಪದ್ಧತಿ. ಮೂರನೆಯದರ ಹೆಸರೇ ಆಶೀರ್ವಾದ. ಅದನ್ನು ಕುಡಿಯದೆ ಎದ್ದರೆ ಆ ಮನೆಗೆ ಒಳ್ಳೆಯದನ್ನು ಬಯಸದೆ ಎದ್ದ ಹಾಗಂತೆ.

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಹೊಡೆದುಕೊಂಡೆ ಕೂಡ, ತಸ್ಫಾಯೆ ಬೆಚ್ಚಿಬಿದ್ದ. ಎಂಥ ಕೆಲಸ ಮಾಡಿದೆ, ಎಷ್ಟು ದೂರದಿಂದ ಬಂದು ಎಂಥ ಮಾತಾಡಿದೆ.

ಒಳಗೆ ಹೋಗಿ ತಟ್ಟೆಗಳನ್ನು ನೋಡಿದೆ. ಹುಳಗಳು ಒಂದನೇ ಜ್ವರಕ್ಕೆ ಕೂತಿದ್ದವು. ಅಕ್ಕಿ ಕಾಳಿನಷ್ಟು ಸಣ್ಣ ಹುಳ, ಎಲ್ಲವೂ ತಲೆ ಎತ್ತಿಕೊಂಡು ಸ್ತಬ್ಧ. ಈಗ ಸೊಪ್ಪು ಬೇಡ, ನಾಳೆ ಬೆಳಗ್ಗೆಯವರೆಗೆ ಯಾರ ಕೈಯೂ ಬೇಡ. ಎದ್ದ ಮೇಲೆ ಒಂದೆರಡು ದಿನ ನಾನೊಬ್ಬಳೇ ಹೇಗೋ ನಿಭಾಯಿಸಬಹುದು. ಆದರೆ ಮೂರನೇ ಜ್ವರ ಕಳೆದ ಮೇಲೆ ಹೊರೆ ಹೊರೆ ಸೊಪ್ಪು ಬೇಕು. ಆ ಹೆಂಗಸರು ಬರದಿದ್ದರೆ ಬೆಳೆಯನ್ನು ಗುಂಡಿಗೆ ಸುರಿದು ನಾನು ಊರಿಗೆ ಹೋಗಬೇಕು, ಅವರ ಕೆಲಸವೂ ಹೋಗುತ್ತದೆ. ಹುಳದ ಜ್ವರ ನನಗೆ ಕೊಟ್ಟಿದ್ದು ಒಂದು ದಿನದ ಬಿಡುವು, ಅಷ್ಟೇ.

ಐದನೇ ದಿನ, ಅಲ್ಮಾಜಳ ಮನೆ ಬಾಗಿಲು

ಜ್ವರದ ಹುಳವನ್ನು ಅಲುಗಿಸಬಾರದು ಎಂದು ಇಪ್ಪತ್ತು ವರ್ಷ ರೈತರಿಗೆ ಬೈದು ಹೇಳಿದವಳು ನಾನು. ಬೆಳಗ್ಗೆ ಎದ್ದು ಹನ್ನೆರಡು ಹುಳವನ್ನು ಕಾಗದದ ಸಮೇತ ಒಂದು ಮೊರಕ್ಕೆ ಎತ್ತಿಕೊಂಡು, ತಸ್ಫಾಯೆಯನ್ನು ಜೊತೆಗೆ ಕರೆದುಕೊಂಡು, ಉಸಿರು ಬಿಗಿಹಿಡಿದು ಕೇರಿಗೆ ನಡೆದೆ. ಅಲ್ಮಾಜ್ ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ. ನಾನು ಹೊಸ್ತಿಲಾಚೆ ನೆಲದ ಮೇಲೇ ಕೂತು ಮೊರ ಮುಂದಿಟ್ಟೆ.

ಏನೇನೋ ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ಆಗ ಹೇಳಿದ್ದು ಇಷ್ಟೇ, ಇದೇ ಜ್ವರ. ನಮ್ಮೂರಲ್ಲಿ ಇದಕ್ಕೇ ಜ್ವರ ಅನ್ನೋದು. ಹುರಿದ ಬೀಜವನ್ನು ಮೂರು ದಿನ ಹೀಗೇ ಮುಟ್ಟದೆ ಬಿಡೋದಕ್ಕೂ ನಮ್ಮನೇಲಿ ಅದೇ ಮಾತು. ನನಗೆ ಬೇರೆ ಮಾತು ಬರಲಿಲ್ಲ, ನನ್ನದು ತಪ್ಪಾಯಿತು, ನಿನ್ನ ಮನೆಗೆ ನಾನು ಕೆಟ್ಟದ್ದು ಬಯಸಲಿಲ್ಲ. ತಸ್ಫಾಯೆ ಅದನ್ನು ಹೇಳಲು ನಾನು ತೆಗೆದುಕೊಂಡಿದ್ದಕ್ಕಿಂತ ಎರಡರಷ್ಟು ಹೊತ್ತು ತೆಗೆದುಕೊಂಡ. ಅವನದ್ದೂ ಏನೋ ಸೇರಿಸಿದ ಎಂದು ಕಾಣುತ್ತದೆ.

ಅವಳು ಮೊರ ನೋಡಿದಳು. ಬಾಗಿಲಿಗೆ ಒರಗಿ ನಿಂತೇ ಇದ್ದಳು, ಸ್ವಲ್ಪ ಹೊತ್ತಾದ ಮೇಲೆ ಕೂತಳು. ಬಿಸಿಲು ಮೊರದ ಅಂಚಿಗೆ ಬಂದಾಗ ಅವಳೇ ತನ್ನ ಬಿಳಿಯ ಹೊದಿಕೆಯನ್ನು ಅಡ್ಡ ಹಿಡಿದಳು. ಗಂಟೆಗೂ ಮೇಲೆ ಹಾಗೇ ಕೂತಿದ್ದೆವು. ಆಮೇಲೆ ಒಂದು ಹುಳ ಮೈ ಮುರಿದ ಹಾಗೆ ಅತ್ತ ಇತ್ತ ಹೊರಳಿ, ಹಳೆಯ ಚರ್ಮವನ್ನು ಹಿಂದಕ್ಕೆ ಬಿಟ್ಟು, ತಲೆ ಆಡಿಸಿ ಏನೋ ಹುಡುಕತೊಡಗಿತು. ಅದರ ಹಿಂದೆ ಇನ್ನೊಂದು, ಮತ್ತೆರಡು.

ನಾನು, "ನೋಡು, ಜ್ವರ ಬುಡ್ತು" ಎಂದೆ, ಕನ್ನಡದಲ್ಲೇ. ತಸ್ಫಾಯೆ ಈ ಸಲ ಬಾಯಿ ಹಾಕಲಿಲ್ಲ. ಅಲ್ಮಾಜ್ ಎದ್ದು ಹೋದಳು. ಮುಗಿಯಿತು ಎಂದುಕೊಂಡೆ. ಕೇರಿಯ ಕೊನೆಯಲ್ಲಿ ಒಂದು ಹಿಪ್ಪುನೇರಳೆ ಮರ ಇತ್ತಂತೆ, ಅಲ್ಲಿಂದ ಎಳೆ ಎಲೆ ಕಿತ್ತು ತಂದು, ಉಗುರಿನಲ್ಲಿ ಸಣ್ಣಗೆ ಚೂರು ಮಾಡಿ ತಾನೇ ಉದುರಿಸಿದಳು.

ಹನ್ನೊಂದು ಎದ್ದವು, ಒಂದು ಏಳಲಿಲ್ಲ. ಅವಳು ಅದನ್ನು ಬೆರಳಿನಿಂದ ತೋರಿಸಿ ನನ್ನ ಮುಖ ನೋಡಿದಳು. ಎಲ್ಲವೂ ಏಳುವುದಿಲ್ಲ ಎಂದೆ. ಅವಳು ತಲೆದೂಗಿದಳು. ಆಮೇಲೆ ಒಳಗೆ ಹೋದಳು, ಕೆಂಡ ಊದುವ ಸದ್ದು ಕೇಳಿಸಿತು.

ಅವತ್ತೂ ಹೊಗೆಯಾಡುವ ಬೀಜವನ್ನೇ ಕುಟ್ಟಿದಳು. ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮೊದಲ ಬಟ್ಟಲು ಗಟ್ಟಿಯಾಗಿತ್ತು, ಎರಡನೆಯದು ಹದ, ಮೂರನೆಯದು ತೆಳು. ಹೇಳಿಬಿಡುತ್ತೇನೆ, ನಮ್ಮತ್ತೆಯ ಕಿವಿಗೆ ಬೀಳದಿರಲಿ, ಬಹಳ ಚೆನ್ನಾಗಿತ್ತು. ಅದು ಹೇಗೆಂದು ನಾನು ತುಂಬ ಯೋಚಿಸಿದ್ದೇನೆ. ಅವರು ಫಿಲ್ಟರಿಗೆ ಹಾಕುವುದಿಲ್ಲ, ಹೂಜಿಯಲ್ಲಿ ಕುದಿಸುತ್ತಾರೆ, ಉಬ್ಬುವುದೆಲ್ಲ ಅಲ್ಲೇ ಉಬ್ಬಿ ಅಡಗುತ್ತದೆ. ಇನ್ನೊಂದು ಕಾರಣವೂ ಇರಬಹುದು. ನಾವು ಬೀಜವನ್ನು ಮೂರು ದಿನ ಕೂರಿಸಿ, ಕಾಫಿಯನ್ನು ನಿಂತುಕೊಂಡು ಎರಡು ನಿಮಿಷದಲ್ಲಿ ಕುಡಿಯುತ್ತೇವೆ. ಅವರು ಬೀಜವನ್ನು ಕೂರಿಸುವುದಿಲ್ಲ, ಬಂದವರನ್ನು ಕೂರಿಸುತ್ತಾರೆ. ರಾಮನಗರದಲ್ಲಿ ಗೂಡಿನ ಮಾರುಕಟ್ಟೆಗೆ ಓಡುವ ಆತುರದಲ್ಲಿ ನಾನು ಒಂದು ದಿನವಾದರೂ ಕೂತು ಕಾಫಿ ಕುಡಿದಿದ್ದು ನೆನಪಿಲ್ಲ.

ಮಧ್ಯಾಹ್ನ ಆರೂ ಜನ ಕೆಲಸಕ್ಕೆ ಬಂದರು.

ಹೊರಡುವ ದಿನ

ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ ಎಲ್ಲ ಆಯಿತು. ಒಂದೊಂದು ಸಲ ಹುಳ ಎದ್ದಾಗಲೂ ನಾನು ತಟ್ಟೆಯ ಮುಂದೆ ನಿಂತು ಜೋರಾಗಿ ಜ್ವರ ಬುಡ್ತು ಅನ್ನುತ್ತಿದ್ದೆ, ಹೆಂಗಸರು ಆ ಮಾತು ಕೇಳಿದ ಮೇಲೆಯೇ ಸೊಪ್ಪಿನ ಬುಟ್ಟಿ ಎತ್ತುತ್ತಿದ್ದರು. ಗೂಡು ಚೆನ್ನಾಗಿ ಕಟ್ಟಿದವು. ಬಿಡಿಸಿದ ದಿನ ಅಲ್ಮಾಜ್ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನಕ್ಕಳು. ಅವಳ ನಗುವನ್ನು ನಾನು ಮೊದಲು ನೋಡಿದ್ದು ಆಗ. ಆರೂ ಜನಕ್ಕೆ ಕೆಲಸ ಗಟ್ಟಿಯಾಯಿತು.

ಹೊರಡುವ ಬೆಳಗ್ಗೆ ಜೀಪಿನ ಹತ್ತಿರ ಎಲ್ಲರೂ ಬಂದಿದ್ದರು. ಹೋಗುವ ಮುಂಚೆ ಒಂದು ಸಲ ನಿನ್ನ ಬಿಸಿ ಬೀಜದ ಕಾಫಿ ಬೇಕು ಎಂದು ಅಲ್ಮಾಜಳಿಗೆ ಹಿಂದಿನ ದಿನವೇ ಹೇಳಿದ್ದೆ. ಮನೆಯಲ್ಲಿ ಮೂರು ಬಟ್ಟಲೂ ಕುಡಿಸಿಯೇ ಕಳಿಸಿದ್ದಳು. ಈಗ ತನ್ನ ಹೊದಿಕೆಯ ಒಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟಳು. ತುದಿಯಲ್ಲಿ ಮೂರು ಗಂಟು ಹಾಕಿತ್ತು. ಮುಟ್ಟಿ ನೋಡಿದೆ, ಒಳಗೆ ಹುರಿದ ಬೀಜ.

ದಿನಕ್ಕೊಂದು ಗಂಟು ಹಾಕಿದ್ದಾಳೆ ಎಂದು ತಸ್ಫಾಯೆ ಹೇಳಿದ. ಮೂರು ದಿನದ ಹಿಂದೆ ಹುರಿದು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳಂತೆ. ಹುರಿದ ಬೀಜವನ್ನು ಕುಟ್ಟದೆ ಇಟ್ಟುಕೊಂಡವಳನ್ನು ಆ ಕೇರಿ ಯಾವತ್ತೂ ನೋಡಿರಲಿಲ್ಲ. ಬುದ್ಧಿ ಕೆಟ್ಟಿತೇ ನಿನಗೆ, ಹಳಸಿದ್ದನ್ನು ಕೊಟ್ಟು ಕಳಿಸುತ್ತೀಯಾ ಎಂದು ಅಕ್ಕಪಕ್ಕದವರು ಬೈದರಂತೆ. ಅವಳು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

ನಾನು ಗಂಟನ್ನು ಮೂಗಿಗೆ ಹಿಡಿದುಕೊಂಡು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅಲ್ಮಾಜ್ ನನ್ನ ಮಣಿಕಟ್ಟು ಹಿಡಿದು, ಗಂಟಿನ ಮೇಲೆ ಇನ್ನೊಂದು ಕೈ ಇಟ್ಟು, ತಸ್ಫಾಯೆಯ ಕಡೆ ನೋಡದೆ ನನಗೇ ನೇರವಾಗಿ ಹೇಳಿದಳು. ದೊಡ್ಡಆಲಹಳ್ಳಿಯಲ್ಲಿ ಹುಳ ಸಾಕುವವರು ಹೇಗೆ ಹೇಳುತ್ತಾರೋ ಹಾಗೇ ಹೇಳಿದಳು.

"ಜ್ವರ ಬುಡ್ತು."